ಎತ್ತಿಲ್ಲದ ಊರಿನ ಹಲಗೆ

ನಾನಿರುವ ಮಿನಿಸೋಟದಲ್ಲಿ ಹಿಮ ತಳ್ಳುವ ಲಾರಿಗಳಿಗೆ ನಾಮಕರಣ ಮಾಡುತ್ತಾರೆ. ರಾಜ್ಯದ ಸಾರಿಗೆ ಇಲಾಖೆಯೇ ಚಳಿಗಾಲದಲ್ಲಿ ಸ್ಪರ್ಧೆ ಇಡುತ್ತದೆ. ಜನ ಸಾವಿರಗಟ್ಟಲೆ ಹೆಸರು ಕಳಿಸುತ್ತಾರೆ, ಕೊನೆಗೆ ಓಟು ಹಾಕಿ ಆರಿಸುತ್ತಾರೆ. 2021ರಲ್ಲಿ ಗೆದ್ದದ್ದು ‘ಪ್ಲೋವಿ ಮೆಕ್‌ಪ್ಲೋಫೇಸ್’. ಮರುವರ್ಷ ‘ಬೆಟ್ಟಿ ವೈಟೌಟ್’, ಆಗಷ್ಟೇ ತೀರಿಕೊಂಡಿದ್ದ ನಟಿ ಬೆಟ್ಟಿ ವೈಟ್ ನೆನಪಿಗೆ. ‘ಕಂಟ್ರೋಲ್ ಸಾಲ್ಟ್ ಡಿಲೀಟ್’ ಎಂಬ ಲಾರಿಯೂ ಅದೇ ವರ್ಷ ರಸ್ತೆಗಿಳಿಯಿತು. ದಿನವಿಡೀ ಕೀಬೋರ್ಡ್ ಕುಟ್ಟುವ ನನ್ನಂಥವರ ಓಟೆಲ್ಲ ಅದಕ್ಕೇ ಬಿದ್ದಿರಬೇಕು. ವರ್ಷಕ್ಕೆ ಸರಾಸರಿ 130 ಸೆಂಟಿಮೀಟರ್ ಹಿಮ ಬೀಳುವ ಕಡೆ ಅದರ ಜೊತೆ ಜಗಳ ಕಾದುಕೊಂಡು ಸಂಸಾರ ಮಾಡಲಾಗುವುದಿಲ್ಲ. ಹಾಗಾಗಿ ಹಿಮದ ವಿಷಯ ಬಂದರೆ ಇಲ್ಲಿಯವರು ತಮಾಷೆಗೆ ಇಳಿಯುತ್ತಾರೆ, ಇಲ್ಲವೇ 1991ರ ಹ್ಯಾಲೋವೀನ್ ದಿನ ಶುರುವಾದ ಬಿರುಗಾಳಿಯ ಕಥೆಗೆ ಇಳಿಯುತ್ತಾರೆ. ಆ ಒಂದೇ ಬಿರುಗಾಳಿಗೆ 28 ಇಂಚಿಗೂ ಮಿಕ್ಕಿ ಬಿದ್ದಿತ್ತಂತೆ. ಅದನ್ನು ಕಂಡವರು ಕೇಳದಿದ್ದರೂ ಹೇಳುತ್ತಾರೆ.

ಹೀಗೆ ಹೆಸರಿಟ್ಟು ಸಾಕಿದ ಲಾರಿಗಳೆಲ್ಲ ಹೆದ್ದಾರಿಗೆ ಸೇರಿದವು. ಊರ ಬೀದಿಗೆ ನಗರಸಭೆಯ ಲಾರಿಗಳುಂಟು. ಮಿನಿಯಾಪೊಲಿಸ್‌ನಲ್ಲಿ ಮನೆ ಮುಂದಿನ ಕಾಲುದಾರಿಯನ್ನು ಹಿಮ ನಿಂತ 24 ಗಂಟೆಯೊಳಗೆ ಮನೆಯವರೇ ಗೋರಿ ತೆಗೆಯಬೇಕು. ತೆಗೆಯದವರಿಗೆ ಮೊದಲು ನೋಟಿಸು, ಆಮೇಲೆ ಬಿಲ್ಲು. ದೊಡ್ಡ ಸೈಕಲ್ ಹಾದಿಗಳಿಗೂ ದಿಕ್ಕುದೆಸೆ ಇದೆ. ಊರ ನಡುವೆ ‘ಮಿಡ್‌ಟೌನ್ ಗ್ರೀನ್‌ವೇ’ ಎಂಬ ಐದೂವರೆ ಮೈಲಿಯ ಹಾದಿಯೊಂದಿದೆ. 1912ರಿಂದ 1916ರವರೆಗೆ ರೈಲಿಗೆಂದು ತೋಡಿದ ಉದ್ದನೆಯ ಹಳ್ಳ ಅದು. ಈಗ ಅದರ ತಳದಲ್ಲಿ ಸೈಕಲ್ ಓಡಾಡುತ್ತವೆ. ಎಷ್ಟೋ ಸಲ ಅಕ್ಕಪಕ್ಕದ ಬೀದಿಗಳಿಗಿಂತ ಮುಂಚೆ ಅಲ್ಲಿ ಹಿಮ ತಳ್ಳುವ ಪ್ಲೋ ಓಡಿರುತ್ತದೆ.

ದಿಕ್ಕಿಲ್ಲದ್ದು ನಮ್ಮ ಉಪನಗರದ ಕೂಡುಹಾದಿ. ನಮ್ಮ ಬೀದಿ ಕೊನೆಗೊಳ್ಳುವಲ್ಲಿಂದ ಹೊರಟು, ರೈಲುಕಂಬಿಯ ಪಕ್ಕದಲ್ಲೇ ಸಾಗಿ, ಜೊಂಡು ಬೆಳೆದ ಜೌಗಿನ ಅಂಚು ಹಿಡಿದು ದೊಡ್ಡ ಸೈಕಲ್ ಹಾದಿಯನ್ನು ಸೇರುತ್ತದೆ. ಉದ್ದ ಒಂದು ಕಿಲೋಮೀಟರಿಗೆ ತುಸು ಕಡಿಮೆ. ಬೇಸಿಗೆಯಲ್ಲಿ ಇಂಥದ್ದೊಂದು ಹಾದಿ ಇದೆಯೆಂದೇ ಯಾರಿಗೂ ಅನಿಸುವುದಿಲ್ಲ, ಅಷ್ಟು ಸಲೀಸು. ಡಿಸೆಂಬರಿನಲ್ಲಿ ಅದು ಮುಚ್ಚಿಹೋದಾಗಲೇ ಅದರ ಬೆಲೆ ತಿಳಿಯುವುದು. ಬೇರೆ ದಾರಿಯೆಂದರೆ ಲಾರಿಗಳು ಓಡುವ ಮುಖ್ಯರಸ್ತೆ. ಅದರ ಅಂಚಿನಲ್ಲಿ ಸೈಕಲ್ಲಿಗಿದ್ದ ಜಾಗದ ಮೇಲೆ ಪ್ಲೋ ತಳ್ಳಿದ ಹಿಮ ಸೊಂಟದೆತ್ತರ ಕೂತಿರುತ್ತದೆ.

ನಗರಸಭೆಗೆ ಬರೆದೆ. ಆ ಹಾದಿ ಕೌಂಟಿಯದು ಎಂದರು. ಕೌಂಟಿಗೆ ಬರೆದೆ. ಪಾರ್ಕಿನವರದು ಎಂದರು. ಪಾರ್ಕಿನವರು ನಕ್ಷೆಯನ್ನೇ ಕಳಿಸಿ, ತಮ್ಮ ಗಡಿ ಜೌಗಿನ ಆಚೆ ಬದಿಗೇ ಮುಗಿಯುತ್ತದೆ, ರೈಲಿನವರನ್ನು ವಿಚಾರಿಸಿ ಎಂದರು. ಎಲ್ಲ ಉತ್ತರಗಳಲ್ಲೂ ನನ್ನ ನಾಗರಿಕ ಕಾಳಜಿಗೆ ಮನಸಾರೆ ವಂದನೆ ಇತ್ತು. ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸಿದ ಊರಿನವನು ನಾನು. ಅಲ್ಲಿ ವಂದನೆಯೊಂದು ಇರಲಿಲ್ಲ, ಅಷ್ಟೇ ವ್ಯತ್ಯಾಸ. ರೈಲಿನವರಿಗೆ ಬರೆಯುವ ಗೋಜಿಗೆ ಹೋಗಲಿಲ್ಲ. ಹಾದಿ ಯಾರದ್ದೂ ಅಲ್ಲವೆಂದರೆ ನಾನು ಅದರ ಮೇಲೆ ಏನು ಮಾಡಿದರೂ ಕೇಳುವವರಿಲ್ಲ ಎಂಬ ಉಪಯುಕ್ತ ಅರ್ಥವೂ ಅದರಲ್ಲೇ ಇತ್ತಲ್ಲ.

ಚಳಿಗಾಲದಲ್ಲಿ ಸೈಕಲ್ಲೇ ಯಾಕೆ ಎಂದು ಕೇಳುವವರಿದ್ದಾರೆ. ಮುಖ್ಯವಾಗಿ ನನ್ನ ಹೆಂಡತಿ. ಸೊನ್ನೆಗಿಂತ ಹತ್ತು ಹನ್ನೆರಡು ಡಿಗ್ರಿ ಕೆಳಗಿದ್ದಾಗ ಕಾರಿನ ಸೀಟು ಬೆಚ್ಚಗಾಗುವ ಹೊತ್ತಿಗೆ ಸೈಕಲ್ ತುಳಿಯುವವನ ಮೈ ಬೆಚ್ಚಗಾಗಿ ಬೆವರಿರುತ್ತದೆ ಎಂಬುದು ನನ್ನ ವಾದ. ಚಳಿಯಿಂದ ಸೈಕಲ್ಲಿಗೆ ತೊಂದರೆ ಇಲ್ಲ. ಮಂಜುಗಡ್ಡೆಗೂ ಔಷಧಿ ಉಂಟು: ಟೈರಿನ ತುಂಬ ಗಟ್ಟಿ ಲೋಹದ ಪುಟ್ಟ ಮೊಳೆಗಳಿರುವ ಚಳಿಗಾಲದ ಟೈರು. ಮಾಮೂಲು ಸೈಕಲ್ಲಿಗೆ ಔಷಧಿ ಇಲ್ಲದ್ದು ಗೇಣುದ್ದ ಸಡಿಲ ಹಿಮಕ್ಕೆ. ಅದರಲ್ಲಿ ಮುಂದಿನ ಚಕ್ರ ತಾನು ಹೋಗಬೇಕಾದ ಕಡೆ ಹೋಗದೆ ತನಗೆ ತೋಚಿದ ಕಡೆ ಹೋಗುತ್ತದೆ. ಅಂಥ ಹಿಮಕ್ಕೆ, ಮರಳಿಗೆ ಎಂದೇ ಹುಟ್ಟಿದ್ದು ದಪ್ಪ ಟೈರಿನ ಫ್ಯಾಟ್‌ಬೈಕ್. ಸರ್ಲಿ ಎಂಬ ಕಂಪನಿ 2005ರಲ್ಲಿ ‘ಪಗ್ಸ್ಲಿ’ ಎಂಬ ಸೈಕಲ್ ತಂದ ಮೇಲೆ ಅದು ಅಂಗಡಿಯಲ್ಲಿ ಸಿಗುವ ಸರಕಾಯಿತು. ಆ ಕಂಪನಿ ಇರುವುದು ಇಲ್ಲೇ ಪಕ್ಕದ ಬ್ಲೂಮಿಂಗ್ಟನ್‌ನಲ್ಲಿ. ಹಿಮವನ್ನು ಚಿಮ್ಮಿಸಿ ಎಸೆಯುವ ಯಂತ್ರ ಮಾಡುವ ಟೋರೋ ಕಂಪನಿಯ ಮುಖ್ಯ ಕಚೇರಿಯೂ ಅದೇ ಬ್ಲೂಮಿಂಗ್ಟನ್‌ನಲ್ಲಿದೆ. ಹಿಮದ ಮೇಲೆ ಹೋಗೋಣ ಎನ್ನುವವರೂ ಹಿಮವನ್ನು ಎತ್ತಿ ಬಿಸಾಡೋಣ ಎನ್ನುವವರೂ ಒಂದೇ ಊರಲ್ಲಿ ಅಂಗಡಿ ಹಾಕಿದ್ದಾರೆ. ನಾನು ಈ ಎರಡರ ನಡುವೆ ಸಿಕ್ಕಿಕೊಂಡವನು.

ಹಾದಿಯನ್ನು ಯಂತ್ರವಿಲ್ಲದೆ ನಾನೇ ಮಾಡಲು ಹೊರಟದ್ದು ಯಂತ್ರ ಸಿಗದೆ ಅಲ್ಲ. ಪಕ್ಕದ ಮನೆಯ ಅಜ್ಜನ ಬಳಿ ಟ್ರ್ಯಾಕ್ಟರಿನ ಗತ್ತಿನ ಸ್ನೋಬ್ಲೋವರ್ ಇದೆ. ಎಪ್ಪತ್ತು ದಾಟಿದ, ನಾರ್ವೆ ಮೂಲದ, ಮಾತು ಕಡಿಮೆಯ ಮನುಷ್ಯ. ತಾನೇ ಬಂದು ‘ಬೇಕಾದರೆ ತಗೊಂಡು ಹೋಗು’ ಎಂದ. ನಾನು ಬೇಡವೆಂದದ್ದಕ್ಕೆ ಮೊದಲ ಕಾರಣ ಹಟ ಎಂದೇ ಇಟ್ಟುಕೊಳ್ಳಿ. ಎರಡನೆಯ ಕಾರಣಕ್ಕೆ ಮಾತ್ರ ಶಾಸ್ತ್ರದ ಆಧಾರವಿದೆ. ಯಂತ್ರ ಡಾಂಬರಿನ ತನಕ ಕೆರೆದುಬಿಡುತ್ತದೆ. ಬರಿದಾದ ಕಪ್ಪು ಡಾಂಬರು ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ, ಅಂಚಿನ ಹಿಮ ಕರಗಿ ಅದರ ಮೇಲೆ ಹರಿಯುತ್ತದೆ, ರಾತ್ರಿ ಅದೇ ನೀರು ಕಣ್ಣಿಗೆ ಕಾಣದ ಗಾಜಿನ ಪದರವಾಗುತ್ತದೆ. ಆಮೇಲೆ ಉಪ್ಪು ಹಾಕಬೇಕು. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಶಾಶ್ವತವಾಗಿ ಕೆಡಿಸುತ್ತದೆಂದು ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಸಾರಿ ಸಾರಿ ಹೇಳುತ್ತದೆ. ನಮ್ಮ ಹಾದಿಯ ಪಕ್ಕದಲ್ಲೇ ಜೌಗು. ಅದೂ ಅಲ್ಲದೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಕ್ಕಿಳಿದರೆ ಸಾಮಾನ್ಯ ಉಪ್ಪು ಕೆಲಸವನ್ನೇ ನಿಲ್ಲಿಸುತ್ತದೆ. ಇಲ್ಲಿ ಜನವರಿಯ ರಾತ್ರಿಗಳು ಅದಕ್ಕೂ ಕೆಳಗೇ ಇರುತ್ತವೆ.

ಹಾಗಾದರೆ ಸಲಿಕೆ ಹಿಡಿಯಬಹುದಲ್ಲ? ಲೆಕ್ಕ ಹಾಕಿ ನೋಡಿದೆ. ಒಂದು ಕಿಲೋಮೀಟರ್ ಉದ್ದ, ಒಂದು ಮೀಟರ್ ಅಗಲ, ಹತ್ತು ಸೆಂಟಿಮೀಟರ್ ದಪ್ಪ ಹಿಮವೆಂದರೆ ನೂರು ಘನ ಮೀಟರ್. ಹೊಸದಾಗಿ ಬಿದ್ದ ಹಗುರ ಹಿಮವೂ ಘನ ಮೀಟರಿಗೆ ಹೆಚ್ಚುಕಡಿಮೆ ನೂರು ಕಿಲೋ ತೂಗುತ್ತದೆ. ಒಟ್ಟು ಹತ್ತು ಟನ್, ಒಂದು ಲಾರಿ ಲೋಡು. ಗಾಳಿ ಬೀಸಿ ಒತ್ತಿಕೊಂಡಿದ್ದರೆ ಅದರ ಎರಡು ಮೂರು ಪಟ್ಟು. ಇದನ್ನೆಲ್ಲ ಎತ್ತಿ ಹಾಕುವ ಮನುಷ್ಯ ಗಂಟೆಗಟ್ಟಲೆ ದುಡಿದರೆ ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್. ಹತ್ತು ಜನ ಸೇರಿದರೆ ಒಂದು ಅಶ್ವಶಕ್ತಿ ಆಗುತ್ತದೆ. ಅಜ್ಜನ ಸ್ನೋಬ್ಲೋವರಿನಲ್ಲಿ ನನ್ನಂಥವರು ನೂರು ಜನ ಸುಮ್ಮನೆ ಕೂತಿದ್ದಾರೆ. ಅಮೆರಿಕದಲ್ಲಿ 1990ರಿಂದ 2006ರವರೆಗೆ ಹಿಮ ಎತ್ತುವಾಗ ಹೃದಯ ಕೈಕೊಟ್ಟು ಸತ್ತವರು ವರ್ಷಕ್ಕೆ ಹತ್ತಿರ ಹತ್ತಿರ ನೂರು ಮಂದಿ ಎಂಬ ಅಧ್ಯಯನವನ್ನು ನನ್ನ ಹೆಂಡತಿ ಮೊದಲೇ ಓದಿಟ್ಟುಕೊಂಡಿದ್ದಳು. ‘ರೀ, ಐವತ್ತಾಯ್ತು ನಿಮಗೆ’ ಎಂಬ ಮಾತಿಗೆ ಆ ಅಧ್ಯಯನ ಅಡಿಟಿಪ್ಪಣಿಯಾಗಿ ಬರುತ್ತಿತ್ತು.

ಸೈಕಲ್ಲಿಗೇ ಪ್ಲೋ ಕಟ್ಟುವ ಆಸೆ ಯಾರಿಗಾದರೂ ಮೊದಲು ಬರುವಂಥದ್ದು. ಹಾದಿ ಸೈಕಲ್ಲಿನದು, ಕೆಲಸವನ್ನೂ ಅದೇ ಮಾಡಲಿ ಎನ್ನುವ ನ್ಯಾಯ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ: ಹಿಂದಿನ ಅಚ್ಚಿಗೆ ಕೊಂಡಿ, ಕೊಂಡಿಗೆ ಮುಂದೆ ಚೂಪಾಗಿ ಹಿಂದೆ ಅಗಲವಾಗುವ ಎರಡು ಹಲಗೆ. ತೊಂದರೆ ಇರುವುದು ಟೈರು ನೆಲ ಹಿಡಿಯುವ ಜಾಗದಲ್ಲಿ. ಒಣ ಡಾಂಬರಿನ ಮೇಲೆ ರಬ್ಬರಿಗಿರುವ ಹಿಡಿತ ಹಿಮದ ಮೇಲೆ ಅದರ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಹಿಂದಿನ ಚಕ್ರದ ಮೇಲೆ ಐವತ್ತು ಕಿಲೋ ಭಾರ ಬಿದ್ದಿದೆ ಎನ್ನಿ. ಎಳೆಯಲು ಸಿಗುವುದು ಹತ್ತು ಹದಿನೈದು ಕಿಲೋದ ಜಗ್ಗು. ಅದರಲ್ಲೂ ಹಿಮ ಸೀಳಿಕೊಂಡು ಮುನ್ನಡೆಯಲು ಚಕ್ರಗಳಿಗೇ ಅರ್ಧ ಖರ್ಚಾಗುತ್ತದೆ. ಕಾಲಲ್ಲಿ ಬಲವಿದ್ದರೂ ಚಕ್ರ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಜೊತೆಗೆ ಪ್ಲೋ ಹಿಂದಿದ್ದರೆ ಸೈಕಲ್ ಮೊದಲು ಹಿಮ ಹೊಗಬೇಕು. ಯಾವ ಹಿಮದಲ್ಲಿ ಸೈಕಲ್ ಹೋಗುವುದಿಲ್ಲವೆಂದು ಪ್ಲೋ ಕಟ್ಟಿದೆವೋ ಅದೇ ಹಿಮ. ಮುಂದೆ ಕಟ್ಟಿದರೆ ಹ್ಯಾಂಡಲ್ ತಿರುಗಿಸುವುದೇ ಕುಸ್ತಿ. ಒಂದೆರಡು ಇಂಚು ಪುಡಿಹಿಮಕ್ಕೆ, ಸಮತಟ್ಟಾದ ಕಾಲುದಾರಿಗೆ ಮೂರು ಚಕ್ರದ ಪ್ಲೋ ಸರಿಹೋಗಬಹುದು. ನಮ್ಮ ಜೌಗಿನ ಹಾದಿಗೆ ಬೇಕಾದದ್ದು ಕಾಲು.

ನಡೆಯುವವನ ಹಿಡಿತ ಬೇರೆ ತರದ್ದು. ಸ್ನೋಶೂ ಕಟ್ಟಿಕೊಂಡರೆ ಅಗಲದ ಪಾದ ಹಿಮದಲ್ಲಿ ಹೂತುಹೋಗುವುದಿಲ್ಲ, ಅಡಿಯ ಉಕ್ಕಿನ ಹಲ್ಲು ಕಚ್ಚಿ ಹಿಡಿಯುತ್ತದೆ, ಮೈಯನ್ನು ಮುಂದಕ್ಕೆ ವಾಲಿಸಿ ಪೂರ್ತಿ ಭಾರವನ್ನೇ ಎಳೆತಕ್ಕೆ ಹಾಕಬಹುದು. ಈ ನೆಲದ ಮೂಲನಿವಾಸಿಗಳಲ್ಲಿ ಸೇರಿದ ಓಜಿಬ್ವೆ ಜನ ಮರದ ಚೌಕಟ್ಟಿಗೆ ಹಸಿ ಚರ್ಮದ ಪಟ್ಟಿ ಹೆಣೆದು ಸ್ನೋಶೂ ಮಾಡಿಕೊಂಡು ಇದೇ ಕೆರೆ ಕಾಡುಗಳಲ್ಲಿ ಓಡಾಡಿದವರು. ಹಿಮದಲ್ಲಿ ಹಾದಿ ಮಾಡಲು ಅವರಿಗೆ ಪ್ಲೋ ಬೇಕಾಗಿರಲಿಲ್ಲ. ಸಾಲಾಗಿ ನಡೆದರೆ ಮುಂದಿನವರ ಹೆಜ್ಜೆಯೇ ಹಿಂದಿನವರಿಗೆ ದಾರಿ.

ಕೆಲಸ ಶುರುವಾಗುವ ಮುಂಚೆ ಊರಿಗೆ ವಿಡಿಯೋ ಕರೆ ಮಾಡಿ, ನಡೆದು ಎಳೆಯುವ ಪ್ಲೋವೊಂದರ ನಕ್ಷೆ ತೋರಿಸಿದೆ. ಊರು ಸಕಲೇಶಪುರದ ಕಡೆ. ಅಮ್ಮ ಕನ್ನಡಕ ಏರಿಸಿ ನೋಡಿದಳು.

‘ಇದನ್ನ ಎಳೆಯೋದು ಯಾರೋ?’

‘ನಾನೇ.’

‘ಅಲ್ಲಿ ಎತ್ತಿಲ್ವಾ?’

‘ನಮ್ಮನೇಲಿ ಈಗ ಇದಾವೇನಮ್ಮ?’

ಅದಕ್ಕವಳು ಉತ್ತರಿಸಲಿಲ್ಲ. ಟಿಲ್ಲರ್ ಬಂದು ಎಷ್ಟೋ ಕಾಲವಾಯಿತು. ‘ಅಷ್ಟು ಓದಿ ಅಮೆರಿಕಕ್ಕೆ ಹೋಗಿ ಎತ್ತಾದೆ ಅನ್ನು’ ಎಂದಳು. ಪಕ್ಕದಲ್ಲಿದ್ದ ಚಿಕ್ಕಪ್ಪ ಫೋನು ಕಿತ್ತುಕೊಂಡರು. ಅವರಿಗೆ ನಗು ಬರಲಿಲ್ಲ. ಎಳೆಯುವ ಸಾಮಾನು ಎಂದರೆ ಅವರಿಗೆ ಗಂಭೀರ ವಿಷಯ. ‘ನೇಗಿಲು ಮಾಡಕ್ಕೆ ಹೊರಟಿದೀಯಲ್ಲೋ. ನಿಂಗೆ ನೇಗಿಲು ಯಾಕೆ? ಹಲಗೆ ಸಾಕು. ಇರೋದನ್ನ ಬಗೀಬೇಡ, ಮಟ್ಟ ಮಾಡು’ ಎಂದರು.

ಗದ್ದೆಗೆ ಹಲಗೆ ಹೊಡೆಯುವುದನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಉತ್ತು ಕೆಸರಾದ ಗದ್ದೆಯಲ್ಲಿ ಎತ್ತಿನ ಹಿಂದೆ ಉದ್ದನೆಯ ಹಲಗೆ ಎಳೆಸುತ್ತಾರೆ, ಭಾರಕ್ಕೆ ಅದರ ಮೇಲೆ ಮನುಷ್ಯ ನಿಂತಿರುತ್ತಾನೆ. ಹಲಗೆ ಗದ್ದೆಯಿಂದ ಒಂದು ಬೊಗಸೆ ಕೆಸರನ್ನೂ ಆಚೆ ಹಾಕುವುದಿಲ್ಲ. ಉಬ್ಬಿದ್ದನ್ನು ಸವರಿ ತಗ್ಗಿಗೆ ತುಂಬುತ್ತದೆ, ಉಳಿದದ್ದನ್ನು ಒತ್ತಿ ಮುಂದೆ ಹೋಗುತ್ತದೆ. ಹಿಮವನ್ನು ನಾನು ಕಸವೆಂದು ಎಣಿಸಿದ್ದೆ, ಆದ್ದರಿಂದ ಹತ್ತು ಟನ್ನಿನ ಲೆಕ್ಕ ಬಂದಿತ್ತು. ಅದನ್ನೇ ಹಾದಿ ಕಟ್ಟುವ ಸರಕೆಂದು ಎಣಿಸಿದರೆ ಹತ್ತರಲ್ಲಿ ಎಂಟು ಟನ್ ಇದ್ದಲ್ಲೇ ಇರಬಹುದು. 75 ವ್ಯಾಟ್‌ನ ಮನುಷ್ಯನಿಗೆ ಹೊಂದುವ ಲೆಕ್ಕ ಇದೇ.

ಚಿಕ್ಕಪ್ಪನಿಗೆ ಹೊಳೆದದ್ದು ಈ ದೇಶಕ್ಕೂ ಒಂದು ಕಾಲದಲ್ಲಿ ಗೊತ್ತಿತ್ತು. ಕಾರು ಬರುವ ಮುಂಚೆ ವರ್ಮಾಂಟಿನಂಥ ಈಶಾನ್ಯದ ರಾಜ್ಯಗಳಲ್ಲಿ ಹಿಮವನ್ನು ರಸ್ತೆಯಿಂದ ತೆಗೆಯುತ್ತಿರಲಿಲ್ಲ, ಉರುಳೆ ಹೊಡೆಯುತ್ತಿದ್ದರು. ಆಳೆತ್ತರದ ಮರದ ಉರುಳೆ, ಅದನ್ನೆಳೆಯುವ ಕುದುರೆಗಳ ಸಾಲು, ಮೇಲೆ ಕಂಬಳಿ ಹೊದ್ದು ಕೂತ ಸವಾರ. ಬಂಡಿಯ ಚಕ್ರ ಬಿಚ್ಚಿ ಜಾರುಪಟ್ಟಿ ತೊಡಿಸಿದ ಕಾಲದಲ್ಲಿ ಗಟ್ಟಿ ಹಿಮದ ರಸ್ತೆಯೇ ಒಳ್ಳೆಯ ರಸ್ತೆ. ಆ ಕಡೆಯ ಮರದ ಸೇತುವೆಗಳಿಗೆ ಸೂರಿದೆ, ಒಳಗೆ ಹಿಮ ಬೀಳುವುದಿಲ್ಲ. ಜಾರುಬಂಡಿ ಬರಿ ಮರದ ಮೇಲೆ ಸಿಕ್ಕಿಕೊಳ್ಳಬಾರದೆಂದು ಊರಿನವರು ಹೊರಗಿನ ಹಿಮವನ್ನು ಸಲಿಕೆಯಲ್ಲಿ ತಂದು ಸೇತುವೆಯೊಳಗೆ ಹಾಸುತ್ತಿದ್ದರು. ಆ ಕೆಲಸಕ್ಕೆ ಕೂಲಿಯೂ ಇತ್ತು. ಹಿಮವನ್ನು ಹೊತ್ತು ತಂದು ರಸ್ತೆಗೆ ಹಾಕಿದ ಜನರ ಮೊಮ್ಮಕ್ಕಳು ಈಗ ರಸ್ತೆಯಿಂದ ಹಿಮ ಹೊತ್ತು ಹಾಕುತ್ತಿದ್ದಾರೆ. ಪಟ್ಟಣಗಳಲ್ಲಿ ಮಾತ್ರ ಬದಲಾವಣೆ ಬೇಗ ಬಂತು. ಕುದುರೆ ಎಳೆಯುವ ಪ್ಲೋ ಬೀದಿಗೆ ಬಂದ ದಾಖಲೆ 1862ರಲ್ಲೇ ಮಿಲ್ವಾಕಿಯಲ್ಲಿದೆ. ರಬ್ಬರ್ ಟೈರಿನ ಕಾರುಗಳು ಬಂದ ಮೇಲೆ ಕಪ್ಪು ರಸ್ತೆಯೇ ಎಲ್ಲರ ಹಕ್ಕಾಯಿತು.

ಒತ್ತಿದ ಹಿಮದ ಜಾಣ್ಮೆ ಸೈಕಲ್ಲಿನ ಲೋಕದಲ್ಲಿ ಉಳಿದುಕೊಂಡಿದೆ. ಫಿನ್ಲೆಂಡಿನ ಔಲು ಪಟ್ಟಣ 65 ಡಿಗ್ರಿ ಉತ್ತರದಲ್ಲಿದೆ, ಆರ್ಕ್ಟಿಕ್ ವೃತ್ತದ ಹತ್ತಿರ ಹತ್ತಿರ. ಅಲ್ಲಿ ಮಕ್ಕಳು ಚಳಿಗಾಲದಲ್ಲೂ ಸೈಕಲ್ಲಲ್ಲೇ ಶಾಲೆಗೆ ಹೋಗುತ್ತಾರೆ. ಸೈಕಲ್ ಹಾದಿಗಳಲ್ಲಿ ಮೇಲಿನ ಸಡಿಲ ಹಿಮ ಸವರಿ, ಉಳಿದದ್ದನ್ನು ಒತ್ತಿ, ಗೀರು ಗೀರಾಗಿ ಬಿಡುತ್ತಾರೆ, ಚಕ್ರ ಜಾರುವುದಿಲ್ಲ. ಚಳಿಗಾಲದ ಸೈಕಲ್ ಸಮ್ಮೇಳನವೆಂಬುದೊಂದು 2013ರಲ್ಲಿ ಮೊದಲ ಬಾರಿಗೆ ನಡೆದದ್ದೂ ಔಲುವಿನಲ್ಲೇ. 2016ರಲ್ಲಿ ಅದು ಮಿನಿಯಾಪೊಲಿಸ್‌ಗೂ ಬಂದಿತ್ತು. ಇಲ್ಲಿಯ ಫ್ಯಾಟ್‌ಬೈಕ್ ಮಂದಿಯಂತೂ ಕಾಡಿನ ಹಾದಿಗಳನ್ನು ಒತ್ತಿಯೇ ಮಾಡಿಕೊಳ್ಳುವುದು. ಸ್ನೋಮೊಬೈಲ್ ಹೋಗಲಾಗದ ಇಕ್ಕಟ್ಟಿನಲ್ಲಿ ಹಳೆಯ ಕಾರ್ ಟೈರನ್ನು ಸೊಂಟಕ್ಕೆ ಕಟ್ಟಿಕೊಂಡು ಎಳೆಯುವವರೂ ಉಂಟು.

ಇಷ್ಟಾದ ಮೇಲೆ ಗ್ಯಾರೇಜಿನಲ್ಲಿ ಕೆಲಸ ಶುರು. ಬೇಕಾದ ಮುಖ್ಯ ಸರಕು 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಉದ್ದಕ್ಕೆ ಸೀಳಿದರೆ ಬಳಸಲು ತಯಾರಾದ ಬಾಗು ಸಿಗುತ್ತದೆ. ಹಿಮ ಅದರ ಮೈಯೇರಿ ಸುರುಳಿ ಸುತ್ತಿ ಪಕ್ಕಕ್ಕೆ ಬೀಳುತ್ತದೆ. ತಗಡಿಗೆ ಒದ್ದೆ ಹಿಮ ಅಂಟುತ್ತದೆ, ಈ ಪ್ಲಾಸ್ಟಿಕ್ಕಿಗೆ ಅಷ್ಟಾಗಿ ಅಂಟುವುದಿಲ್ಲ. ಮೇಲೆ ಸ್ವಲ್ಪ ಮೇಣ ತಿಕ್ಕಿದರೆ ಇನ್ನೂ ಒಳ್ಳೆಯದು. ಒಂದೇ ಓರೆ ಹಲಗೆಯಾದರೆ ಹಿಮ ಒಂದೇ ಕಡೆ ಬೀಳುತ್ತದೆ, ಎಳೆಯುವವನನ್ನು ಇನ್ನೊಂದು ಕಡೆಗೆ ದಬ್ಬುತ್ತದೆ. ಎರಡು ಹಲಗೆ ಮೂಗಿನಲ್ಲಿ ಸೇರಿದರೆ ಎರಡು ಕಡೆಯ ದಬ್ಬಾಟ ಸರಿಸಮವಾಗಿ ಗಾಡಿ ನೇರ ಹೋಗುತ್ತದೆ. ಮೂಗು ಚೂಪಾದಷ್ಟೂ ಎಳೆತ ಹಗುರ, ಗಾಡಿ ಉದ್ದ. ಉದ್ದವಾದಷ್ಟೂ ತಿರುವಿನಲ್ಲಿ ಪರದಾಟ. ನಮ್ಮ ಹಾದಿಯ ತಿರುವುಗಳು ನನ್ನ ಪ್ಲೋವಿನ ಉದ್ದವನ್ನು ತಾವೇ ಗೊತ್ತುಮಾಡಿದವು.

ಹಲಗೆಯ ಅಂಚು ನೆಲ ಮುಟ್ಟಬಾರದು. ಮರದ ಬೇರು ಎತ್ತಿದ ಡಾಂಬರಿನ ಬಿರುಕಿಗೆ ಅಂಚು ತಗುಲಿದರೆ ಗಾಡಿ ಗಕ್ಕನೆ ನಿಲ್ಲುತ್ತದೆ. ಎಳೆಯುವವನ ಸೊಂಟಕ್ಕೆ ಆ ಸುದ್ದಿ ತಕ್ಷಣ ಮುಟ್ಟುತ್ತದೆ. ಅದಕ್ಕೆ ಕೆಳಗೆ ಎರಡು ಹಳೆಯ ಸ್ಕೀಗಳು. ಇಲ್ಲಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಸ್ಕೀಗೆ ಬರವಿಲ್ಲ, ಪ್ರತಿ ಜೋಡಿಯೂ ಯಾರದೋ ಹೊಸವರ್ಷದ ಸಂಕಲ್ಪದ ಪಳೆಯುಳಿಕೆ. ಸ್ಕೀ ಮೇಲೆ ಕೂತ ಅಂಚು ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ತೇಲುತ್ತದೆ, ಅದಕ್ಕಿಂತ ಮೇಲಿದ್ದದ್ದನ್ನಷ್ಟೇ ಪಕ್ಕಕ್ಕೆ ಹಾಕುತ್ತದೆ. ಹಿಂದೆ ಚಿಕ್ಕಪ್ಪನ ಹಲಗೆ: ಎರಡು ಅಡಿ ಅಗಲದ್ದು, ಮುಂದಿನ ಅಂಚು ಮೇಲಕ್ಕೆ ಓರೆ, ಅಡಿಯಲ್ಲಿ ಸಣ್ಣ ಪಟ್ಟಿಗಳು, ಒತ್ತಿದ ಹಿಮಕ್ಕೆ ಗೀರು ಬೀಳಲೆಂದು. ಮುಂದಿನ ಓರೆ ಅವರದೇ ಅಪ್ಪಣೆ. ‘ಮೂತಿ ಕೆಳಗಿದ್ರೆ ಕೆಸರು ತುಂಬ್ಕೊಳ್ಳುತ್ತೆ, ಎತ್ತಿನ ಕುತ್ತಿಗೆ ಹೋಗುತ್ತೆ.’ ಈಗಿನ ಎತ್ತಿನ ಕುತ್ತಿಗೆಯ ಬಗ್ಗೆ ನನಗೂ ಕಾಳಜಿಯಿತ್ತು.

ಭಾರಕ್ಕೆ ಮೇಲೆ ಮನುಷ್ಯ ನಿಲ್ಲುವ ಬದಲು ಮರಳಿನ ಕೊಳವೆ ಚೀಲ. ಲಾರಿ, ಪಿಕಪ್ಪುಗಳ ಹಿಂಭಾಗ ಜಾರದಿರಲೆಂದು ಚಳಿಗಾಲದಲ್ಲಿ ಪೆಟ್ರೋಲ್ ಬಂಕುಗಳಲ್ಲೂ 60 ಪೌಂಡಿನ ಈ ಚೀಲ ಮಾರುತ್ತಾರೆ. ಹಗುರ ಹಿಮಕ್ಕೆ ಒಂದು ಸಾಕು. ಎಳೆಯುವುದಕ್ಕೆ ಹಗ್ಗ ಆಗುವುದಿಲ್ಲ; ಇಳಿಜಾರಿನಲ್ಲಿ ಗಾಡಿ ಹಿಂದಿನಿಂದ ಬಂದು ಹಿಮ್ಮಡಿಗೆ ಬಡಿಯುತ್ತದೆ. ಸ್ಕ್ಯಾಂಡಿನೇವಿಯದವರು ‘ಪುಲ್ಕ್’ ಎಂಬ ಸಾಮಾನು ಸಾಗಿಸುವ ಜಾರುಬಂಡಿಗೆ ಗಟ್ಟಿ ಗಳು ಕಟ್ಟುತ್ತಾರೆ. ಎರಡು ಗಳುಗಳನ್ನು ನಡುವೆ ಒಂದರ ಮೇಲೊಂದು ಅಡ್ಡ ದಾಟಿಸಿದರೆ ತಿರುವಿನಲ್ಲಿ ಗಾಡಿ ಅಡ್ಡಾದಿಡ್ಡಿ ಸರಿಯದೆ ಹಿಂದೆಯೇ ಬರುತ್ತದೆ. ನನ್ನವು ವಿದ್ಯುತ್ ತಂತಿ ತೂರಿಸುವ ಲೋಹದ ಪೈಪು. ಕೊನೆಗೆ ಹಳೆಯ ಬೆನ್ನುಚೀಲದ ಸೊಂಟಪಟ್ಟಿ. ಭಾರ ಹೆಗಲ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು.

ಮೊದಲ ಬಾರಿ ಬೀದಿಗಿಳಿದಾಗ ಅಜ್ಜ ಸ್ನೋಬ್ಲೋವರ್ ನಿಲ್ಲಿಸಿ ನೋಡಿದ. ‘ವೆಲ್, ದಟ್ಸ್ ಡಿಫರೆಂಟ್’ ಎಂದ. ಇಲ್ಲಿಯವರು ಇದಕ್ಕಿಂತ ಕಟುವಾಗಿ ಟೀಕಿಸುವುದಿಲ್ಲ.

ಕೆಲಸದ ಹೊತ್ತು ಸಂಜೆಯೇ ಆಗಬೇಕು, ಅದಕ್ಕೆ ಹಿಮದ ಸ್ವಭಾವ ಕಾರಣ. ಆಗಸದಿಂದ ಬೀಳುವಾಗ ಹಿಮದ ಹರಳಿಗೆ ಆರು ಕವಲು, ಕವಲಿಗೆ ಕವಲು, ನಡುವೆಲ್ಲ ಗಾಳಿ. ಹಲಗೆ ಅದನ್ನು ಮುರಿಯುತ್ತದೆ, ಗಾಳಿ ಹೊರದೂಡುತ್ತದೆ, ಮುರಿದ ಚೂರುಗಳು ಒಂದಕ್ಕೊಂದು ತಾಗುತ್ತವೆ. ತಾಗಿದ ಜಾಗದಲ್ಲಿ ಕರಗದೆಯೇ ನಿಧಾನವಾಗಿ ಬೆಸೆದುಕೊಳ್ಳುತ್ತವೆ. ಇಗ್ಲೂ ಮನೆ ನಿಲ್ಲುವುದೂ ಈ ಬೆಸುಗೆಯ ಬಲದಿಂದಲೇ. ಅದಕ್ಕೆ ಕೆಲವು ಗಂಟೆ ಬೇಕು, ಯಾರೂ ತುಳಿಯಬಾರದು. ಸಂಜೆ ಎಳೆದು ಬಿಟ್ಟರೆ ರಾತ್ರಿಯ ಚಳಿ ಉಳಿದ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ಬೆಳಗ್ಗೆ ಅದೇ ಹಾದಿಯ ಮೇಲೆ ಮಾಮೂಲು ಟೈರಿನ ಸೈಕಲ್ಲೂ ಹೂತುಹೋಗದೆ ಸಾಗುತ್ತದೆ. 75 ವ್ಯಾಟ್‌ನವನಿಗೆ ಇಂಥ ಕೂಲಿಯಾಳು ಸಿಕ್ಕುವುದು ಸಣ್ಣ ವಿಷಯವಲ್ಲ.

ಎಂಜಿನ್ ಇದ್ದಿದ್ದರೆ ಹಾದಿಯನ್ನು ಅಗಲ ಮಾಡಿಯೇ ತೀರುತ್ತಿದ್ದೆ. ಪೆಟ್ರೋಲಿಗೆ ದಣಿವಿಲ್ಲ, ಹಾಗಾಗಿ ಅದಕ್ಕೆ ಸಾಕು ಅನಿಸುವುದೂ ಇಲ್ಲ. ಸೊಂಟಪಟ್ಟಿ ಕಟ್ಟಿಕೊಂಡವನಿಗೆ ಪ್ರತಿ ಇಂಚಿನ ಅಗಲಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ಸೈಕಲ್ ಸವಾರನಿಗೆ ನಿಜವಾಗಿ ಬೇಕಾದದ್ದು ಎರಡಡಿ ಗಟ್ಟಿ ನೆಲ, ಹ್ಯಾಂಡಲ್ಲಿಗೆ ಅಕ್ಕಪಕ್ಕ ಚೂರು ಬಯಲು. ಎದುರಿನಿಂದ ಬಂದವರಿಗೆ ಅಲ್ಲೊಂದು ಇಲ್ಲೊಂದು ಕಡೆ ತಂಗುವ ಜಾಗ ಮಾಡಿದರೆ ಆಯಿತು. ಒಬ್ಬರು ನಿಂತು ಇನ್ನೊಬ್ಬರಿಗೆ ದಾರಿ ಬಿಟ್ಟುಕೊಡುತ್ತಾರೆ. ಅಗಲದ ಹಾದಿಯಲ್ಲಿ ಯಾರೂ ಯಾರಿಗೂ ನಿಲ್ಲಬೇಕಾಗಿಲ್ಲ. ಈ ಇಕ್ಕಟ್ಟಿನಲ್ಲಿ ನಿಂತು ನಿಂತೇ ಬೀದಿಯ ಅರ್ಧ ಜನರ ಪರಿಚಯ ನನಗಾದದ್ದು.

ಜನ ಎಲ್ಲಿದ್ದರೋ, ಹಾದಿಯಾದದ್ದೇ ತಡ ಬಂದರು. ನಾಯಿ ಹಿಡಿದ ಹೆಂಗಸು, ರಾತ್ರಿ ಪಾಳಿ ಮುಗಿಸಿ ಬರುವ ನರ್ಸು, ಮಗುವನ್ನು ಜಾರುತಟ್ಟೆಯಲ್ಲಿ ಎಳೆದುಕೊಂಡು ಹೋಗುವ ಅಪ್ಪ, ಮೊಣಕಾಲೆತ್ತರದ ಹಿಮ ತುಳಿಯಲು ಬೇಸರವಾದ ಜಿಂಕೆಗಳು. ಜಿಂಕೆಗಳ ಗೊರಸು ಮಾತ್ರ ಎಳೆ ಹಾದಿಗೆ ತೂತು ಕೊರೆಯುತ್ತದೆ. ಅವಕ್ಕೆ ‘ಬೆಳಗಿನ ತನಕ ತುಳಿಯಬೇಡಿ’ ಎಂದು ಬೋರ್ಡು ಹಾಕುವಂತಿಲ್ಲ. ಒಂದು ಸಂಜೆ ಹಿಂಡು ಹುಡುಗರು ಬಂದು ಹಲಗೆಯ ಮೇಲೆ ನಿಲ್ಲುತ್ತೇವೆಂದು ಹಟ ಹಿಡಿದರು. ಮರಳಿನ ಚೀಲ ಇಳಿಸಿ ಒಬ್ಬ ಪೋರನನ್ನು ಹತ್ತಿಸಿಕೊಂಡೆ. ಹಲಗೆ ಅಷ್ಟು ಚೆನ್ನಾಗಿ ಹಿಂದೆಂದೂ ಒತ್ತಿರಲಿಲ್ಲ. ಮರಳು ತಾನಿದ್ದಲ್ಲೇ ಇರುತ್ತದೆ, ಮನುಷ್ಯ ಉಬ್ಬು ಬಂದ ಕಡೆ ಮೈ ವಾಲಿಸುತ್ತಾನೆ. ವಿಡಿಯೋ ನೋಡಿದ ಚಿಕ್ಕಪ್ಪನಿಗೆ ಆ ಹುಡುಗನ ನಿಲುವಿನಲ್ಲಿ ತಪ್ಪೇನೂ ಕಾಣಲಿಲ್ಲ, ನನ್ನ ನಡಿಗೆಯಲ್ಲಿ ಕಂಡಿತು. ಫೆಬ್ರವರಿಯಲ್ಲಿ ಅಜ್ಜ ಕೋಲೂರಿಕೊಂಡು ಹಾದಿಯ ತುದಿಯವರೆಗೆ ಹೋಗಿ ಬಂದು, ‘ನಾಟ್ ಟೂ ಬ್ಯಾಡ್’ ಎಂದ. ಅವನ ಬಾಯಿಂದ ಅದು ಪದ್ಮಪ್ರಶಸ್ತಿ.

ಮೆರೆದಾಟ ಏಪ್ರಿಲ್‌ವರೆಗೆ. ಸಡಿಲ ಹಿಮ ಬಿಸಿಲು ಬಿದ್ದೊಡನೆ ಕರಗಿ ಹೋಗುತ್ತದೆ, ಒತ್ತಿದ್ದು ಹೋಗುವುದಿಲ್ಲ. ಸುತ್ತಲ ಹುಲ್ಲು ಬಯಲಾಗಿ, ಜೌಗಿನಲ್ಲಿ ಕಪ್ಪೆ ಕೂಗತೊಡಗಿದರೂ ಹಾದಿಯ ನಡುವೆ ಎರಡಡಿ ಅಗಲದ ಬಿಳಿ ದಿಣ್ಣೆಯೊಂದು ಊರಿನ ಕೊನೆಯ ಚಳಿಗಾಲವಾಗಿ ಕೂತಿರುತ್ತದೆ. ಮಧ್ಯಾಹ್ನ ಅದರ ಮೈ ತೊಯ್ಯುತ್ತದೆ, ರಾತ್ರಿ ಗಟ್ಟಿಯಾಗುತ್ತದೆ, ಬೆಳಗ್ಗೆ ಅದರ ಮೇಲೆ ನಾಯಿಗೂ ಕಾಲು ನಿಲ್ಲುವುದಿಲ್ಲ. ಚಳಿಗಾಲವಿಡೀ ಕೈಬೀಸಿ ಹೋದವರೇ ಈಗ ಅದರ ಎರಡು ಪಕ್ಕದ ಕೆಸರಿನಲ್ಲಿ ನಡೆಯುತ್ತ, ಈ ಮಂಜುಗಡ್ಡೆಗೆ ಹೊಣೆ ಯಾರು ಎಂದು ನನ್ನನ್ನೇ ಕೇಳಿದರು. ಯಾರೋ ನಗರಸಭೆಗೂ ಬರೆದರಂತೆ. ದೂರನ್ನು ದಾಖಲಿಸಿಕೊಂಡಿದ್ದೇವೆ ಎಂದು ಉತ್ತರ ಬಂತಂತೆ. ಇದು ನಮ್ಮ ಹಾದಿಯಲ್ಲ ಎಂಬ ಮಾತು ಈ ಸಲ ಅದರಲ್ಲಿರಲಿಲ್ಲವಂತೆ.

ಅರ್ಜಿಯಿಂದ ಆಗದ್ದು ಬೈಗುಳದಿಂದ ಆಯಿತು. ಜನ ನಡೆದಾಡಿದರೆ ಅದು ಬರಿಯ ಕಾಲುಹಾದಿ. ಅದನ್ನು ಬೈಯತೊಡಗಿದರೆ ಅದು ರಸ್ತೆ. ಈ ನಿಯಮ ಸಕಲೇಶಪುರಕ್ಕೂ ಮಿನಿಸೋಟಕ್ಕೂ ಒಂದೇ ಎಂದು ನನಗೆ ಖಾತ್ರಿಯಾಗಿದೆ. ಬೈದವರ ಹೆಸರನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ, ಗ್ಯಾರೇಜಿನಲ್ಲಿ ಇನ್ನೊಂದು ಸೊಂಟಪಟ್ಟಿ ಹೊಲಿಯುತ್ತಿದ್ದೇನೆ. ಹಲಗೆಗೆ ಒಂಟಿ ಎತ್ತು ಕಟ್ಟಬಾರದು, ಜೋಡಿ ಬೇಕು ಎಂದು ಚಿಕ್ಕಪ್ಪ ಹೇಳುತ್ತಲೇ ಇದ್ದಾರೆ.